ಕಾಲಿನ ಡಾಕ್ಟರ ಬಾಗಿಲವರೆಗೆ

ನಾನು ಸುಳ್ಳು ಹೇಳಿದೆ. ತೋರಿಸದ ಡಾಕ್ಟರಿಗೆ ಕಾಲು ತೋರಿಸಿ ಬಂದೆ ಎಂದೆ — ಅಷ್ಟಕ್ಕೇ ನಿಲ್ಲಿಸಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲವೋ ಏನೋ. ಅಲ್ಲಿ ಏನೇನು ಮಾಡಿದರು, ಎಷ್ಟು ನೋವಾಯಿತು, ನಾನು ಹೇಗೆ ಸಹಿಸಿಕೊಂಡೆ ಎಂದೆಲ್ಲ ಬಣ್ಣಿಸಿದೆ. ಅದನ್ನು ಅಕ್ಷರಶಃ ನಂಬಿದವಳು ನೀಲವ್ವ. ಅವಳ ಎಡಗಾಲಿನಲ್ಲಿ ಈಗ ನಾಲ್ಕೇ ಬೆರಳುಗಳಿವೆ.

ಮೂವತ್ತೊಂದು ವರ್ಷ ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳಿದವಳು ನಾನು. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳೂ ನಾನೇ. ನೀಲವ್ವ ಅದೇ ಶಾಲೆಯಲ್ಲಿ ಆಯಾ ಆಗಿದ್ದಳು. ವಿಜಾಪುರದ ಕಡೆಯವಳು; ಮದುವೆಯಾದ ವರ್ಷವೇ ಗಾರೆ ಕೆಲಸದ ಗಂಡನ ಜೊತೆ ಇಲ್ಲಿಗೆ ಬಂದಳು. ನನ್ನದು ಕುಂದಾಪುರ. ಅವರ ಕಡೆ ಟೀಚರನ್ನು ಕರೆಯುವಂತೆ ಅವಳು ನನ್ನನ್ನು ‘ಅಕ್ಕೋರ’ ಎನ್ನುತ್ತಾಳೆ. ಶಾಲೆ ಮುಚ್ಚಿದ ಮೇಲೆ ನಾನು ಮನೆ ಹಿಡಿದೆ, ಅವಳು ಸಾಂತಾಕ್ರೂಜಿನಲ್ಲಿ ಮೂರು ಮನೆಗಳಿಗೆ ಚಪಾತಿ ಮಾಡಿಕೊಡುವ ಕೆಲಸ ಹಿಡಿದಳು. ಮಧ್ಯಾಹ್ನ ಕೆಲಸ ಮುಗಿಸಿ ನಮ್ಮ ಬಿಲ್ಡಿಂಗಿಗೆ ಬಂದು, ನನ್ನ ಜೊತೆ ಸಕ್ಕರೆಯಿಲ್ಲದ ಚಹಾ ಕುಡಿದು, ಮೂರು ಮನೆಯ ಸುದ್ದಿ ಹೇಳಿ ನಗಿಸಿ ಹೋಗುವುದು ಅವಳ ರೂಢಿ.

ಸಕ್ಕರೆ ಕಾಯಿಲೆ ನಮ್ಮಿಬ್ಬರಿಗೂ ಇತ್ತು. ದವಾಖಾನೆಯೂ ಒಂದೇ. ಅಲ್ಲಿನ ಡಾಕ್ಟರು ಒಂದು ದಿನ ಇಬ್ಬರಿಗೂ ಒಂದೊಂದು ಚೀಟಿ ಬರೆದುಕೊಟ್ಟರು — ವಿಲೆ ಪಾರ್ಲೆಯಲ್ಲಿ ಪಾದಗಳನ್ನು ಮಾತ್ರ ನೋಡುವ ಡಾಕ್ಟರೊಬ್ಬರಿದ್ದಾರೆ, ಒಮ್ಮೆ ತೋರಿಸಿಕೊಂಡು ಬನ್ನಿ ಎಂದು. ಕಾಲಿಗೂ ಒಬ್ಬ ಡಾಕ್ಟರೇ ಎಂದು ದಾರಿಯುದ್ದಕ್ಕೂ ನಕ್ಕೆವು. ನೀಲವ್ವನ ಎಡಗಾಲಿನ ಕಿರುಬೆರಳ ಬುಡದಲ್ಲಿ ಚರ್ಮ ಗಂಟುಗಟ್ಟಿದ ಒಂದು ಆಣಿ ಇತ್ತು. ಕಂಡವರ ಅಡುಗೆಮನೆಯಲ್ಲಿ ಚಪ್ಪಲಿಯಿಲ್ಲದೆ ಗಂಟೆಗಟ್ಟಲೆ ನಿಲ್ಲುವ ಕಾಲು ಅದು. ಮನೆ ಹತ್ತಿರವಾದಾಗ ಅವಳು ನಗು ನಿಲ್ಲಿಸಿ ಹೇಳಿದಳು:

“ಮೊದಲ ನೀವು ಹೋಗಿ ಬರ್ರಿ ಅಕ್ಕೋರ. ಅಲ್ಲಿ ಏನ್ ಮಾಡ್ತಾರ ನೋಡಿ ಹೇಳ್ರಿ. ಆಮ್ಯಾಲ ನಾ ಹೋಗ್ತೀನಿ.”

ಒಪ್ಪಿಕೊಂಡೆ. ಒಪ್ಪಿಕೊಳ್ಳುವಾಗಲೇ ಹೋಗದಿರಲು ನೆಪ ಹುಡುಕುತ್ತಿದ್ದೆ. ಯಾಕೆಂದರೆ — ಇದನ್ನೂ ಹೇಳಿಬಿಡುತ್ತೇನೆ — ನನ್ನ ಪಾದಗಳನ್ನು ಎರಡು ವರ್ಷದಿಂದ ಯಾರೂ ನೋಡಿರಲಿಲ್ಲ. ಬಗ್ಗಿ ಉಗುರು ಕತ್ತರಿಸಲು ಸೊಂಟ ಬಿಡುತ್ತಿರಲಿಲ್ಲ. ಉಗುರುಗಳು ಹಳದಿಯಾಗಿ, ದಪ್ಪಗಾಗಿ, ಗಿಳಿಯ ಕೊಕ್ಕಿನ ಹಾಗೆ ಬಾಗಿದ್ದವು. ಹಿಮ್ಮಡಿ ಒಡೆದು ಗೆರೆಗಳಾಗಿದ್ದವು. ಮುಂಬಯಿಯ ಮೇ ತಿಂಗಳಿನಲ್ಲೂ ಮನೆಯೊಳಗೆ ಕಾಲುಚೀಲ ಹಾಕಿಕೊಂಡಿರುತ್ತಿದ್ದೆ. ಯಾರಾದರೂ ಕೇಳಿದರೆ ಚಳಿ ಎನ್ನುತ್ತಿದ್ದೆ. ಇಸ್ತ್ರಿ ಮಾಡಿದ ಸೀರೆಯ ಟೀಚರು, ಮಕ್ಕಳ ಉಗುರು ನೋಡಿ ಅಂಕ ಕೊಡುತ್ತಿದ್ದ ಟೀಚರು — ಅವಳ ಕಾಲು ಹೀಗೆ.

ಆದರೂ ಹೋದೆ. ಬಾಗಿಲವರೆಗೆ ಹೋದೆ. ಗಾಜಿನ ಬಾಗಿಲ ಆಚೆ ಒಬ್ಬ ಮುದುಕರು ಎತ್ತರದ ಕುರ್ಚಿಯಲ್ಲಿ ಒರಗಿಕೊಂಡಿದ್ದರು. ನನ್ನ ಹಳೆಯ ಶಿಷ್ಯೆಯರ ವಯಸ್ಸಿನ ಡಾಕ್ಟರ್ ಹುಡುಗಿ ಸಣ್ಣ ಸ್ಟೂಲಿನಲ್ಲಿ ಕೂತು, ತೊಡೆಯ ಮೇಲೆ ಟವೆಲ್ ಹಾಸಿ, ಅವರ ಪಾದವನ್ನು ಅದರ ಮೇಲೆ ಇಟ್ಟುಕೊಂಡಿದ್ದಳು. ನಾನು ಕಾಲುಚೀಲ ತೆಗೆಯಬೇಕು, ಈ ಕಾಲನ್ನು ಆ ಮಗುವಿನ ಮಡಿಲಲ್ಲಿ ಇಡಬೇಕು, ಅವಳು ಅದನ್ನು ಹತ್ತಿರದಿಂದ — ಇಲ್ಲ, ನನ್ನಿಂದಾಗಲಿಲ್ಲ. ಬಂದ ದಾರಿಗೆ ತಿರುಗಿ, ಸ್ಟೇಷನ್ನಿನ ಹತ್ತಿರ ನಮ್ಮೂರ ಕಡೆಯವರ ಹೋಟೆಲಿನಲ್ಲಿ ಕೂತು ತುಪ್ಪ ಸಕ್ಕರೆ ಸುರಿದ ಒಂದು ಪ್ಲೇಟ್ ಶೀರಾ ತಿಂದೆ. ಸಕ್ಕರೆ ಕಾಯಿಲೆಯವಳು, ಶೀರಾ. ಆ ದಿನದ ತಪ್ಪುಗಳಲ್ಲಿ ಅದೇ ಚಿಕ್ಕದು.

‘ಕ್ಲಿನಿಕ್ ಮುಚ್ಚಿತ್ತು’ ಎಂಬ ವಾಕ್ಯವನ್ನು ಲೋಕಲ್ ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡೇ ಬಂದಿದ್ದೆ. ನೀಲವ್ವ ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಕಾದು ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು:

“ನೋವಾತೇನ್ರಿ ಅಕ್ಕೋರ?”

ಆ ಮುಖದಲ್ಲಿ ನನ್ನ ಬಗ್ಗೆ ಎಷ್ಟೊಂದು ಕಾಳಜಿ, ಎಷ್ಟೊಂದು ಮೆಚ್ಚುಗೆ. “ಸ್ವಲ್ಪ ಆಯ್ತು” ಎಂದುಬಿಟ್ಟೆ.

ಆಮೇಲೆ ಮಾತು ನನ್ನ ಕೈಯಲ್ಲಿ ಉಳಿಯಲಿಲ್ಲ. ಕಾಲನ್ನು ಒಂದು ಯಂತ್ರದೊಳಗೆ ಸಿಕ್ಕಿಸುತ್ತಾರೆ ಎಂದೆ. ಒಂದೊಂದು ಬೆರಳಿಗೂ ಒಂದೊಂದು ಸೂಜಿ ಎಂದೆ. ಬಡಗಿಯ ಹತ್ತರಿಯಂಥದ್ದರಿಂದ ಹಿಮ್ಮಡಿ ಹೆರೆಯುತ್ತಾರೆ, ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ ಎಂದೆ. ಯಾಕೆ ಹೇಳಿದೆ? ಇನ್ನೊಮ್ಮೆ ಹೋಗೆಂದು ಯಾರೂ ಹೇಳದಿರಲಿ ಎಂದೋ, ಧೈರ್ಯವಂತೆ ಅನಿಸಿಕೊಳ್ಳಲೆಂದೋ — ಅಥವಾ ಕೇಳುವ ಮುಖವೊಂದು ಎದುರಿಗಿದ್ದರೆ ಕಥೆ ಬೆಳೆಸುವ ಟೀಚರ ಚಾಳಿಯೋ. ಎಷ್ಟು ಕೆದಕಿದರೂ ತಿಳಿಯುವುದಿಲ್ಲ. ತಿಳಿದರೂ ಅದು ಸಮಾಧಾನವಲ್ಲ. ನೀಲವ್ವ ಚಾಚಿದ್ದ ಕಾಲುಗಳನ್ನು ಮೆಲ್ಲಗೆ ಸೀರೆಯೊಳಕ್ಕೆ ಎಳೆದುಕೊಂಡಳು.

ಅವಳು ಡಾಕ್ಟರಲ್ಲಿಗೆ ಹೋಗಲಿಲ್ಲ. ಗಂಡನ ಬ್ಲೇಡಿನಿಂದ ಆಣಿಯನ್ನು ತಾನೇ ಕೊಯ್ದುಕೊಂಡಳು. ಸಕ್ಕರೆ ಕಾಯಿಲೆಯಿಂದ ಅವಳ ಪಾದ ಮರಗಟ್ಟಿತ್ತು. ಬ್ಲೇಡು ಎಷ್ಟು ಆಳಕ್ಕೆ ಇಳಿಯಿತೆಂದು ಅವಳಿಗೆ ಗೊತ್ತಾಗಲಿಲ್ಲ. ಗಾಯಕ್ಕೆ ಅರಿಸಿನ ಮೆತ್ತಿ, ಮರುದಿನವೇ ಮೂರು ಮನೆಯ ಚಪಾತಿಗೆ ನಿಂತಳು. ಕೆಲವು ವಾರಗಳಲ್ಲಿ ಬೆರಳು ಕಪ್ಪಾಯಿತು. ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ತೆಗೆದುಹಾಕಿದರು.

ನಾನು ನೋಡಲು ಹೋದಾಗ ಅವಳು ಪಕ್ಕದ ಮಂಚದ ಮರಾಠಿ ಅಜ್ಜಿಯನ್ನು ನಗಿಸುತ್ತಿದ್ದಳು — ಇನ್ನು ಮೇಲೆ ತನಗೆ ಉಗುರು ಕತ್ತರಿಸುವಾಗ ಒಂದು ಬೆರಳಿನ ಚಿಂತೆ ಕಡಿಮೆ ಎಂದು. ನಾನು ಮೋಸಂಬಿ ಸುಲಿಯುತ್ತ ಕೂತೆ. ನಾನು ತಲೆಯೆತ್ತದಿರುವುದನ್ನು ಕಂಡು ಅವಳೇ ನನ್ನನ್ನು ಸಮಾಧಾನ ಮಾಡಿದಳು:

“ನಾ ಹೆದರಿದ್ನಿ ರೀ ಅಕ್ಕೋರ. ನಿಮ್ಮಷ್ಟು ಧೈರ್ಯ ನನಗೆಲ್ಲೈತಿ.”

ಆಗ ಹೇಳಬೇಕಿತ್ತು. ಮೋಸಂಬಿಯ ಬೀಜಗಳನ್ನು ಒಂದೊಂದಾಗಿ ತೆಗೆದು ಅವಳ ಕೈಗೆ ತೊಳೆ ಕೊಟ್ಟೆ.

ಗಾಯ ಮಾಗಿದ ಮೇಲೆ ಆಸ್ಪತ್ರೆಯವರೂ ಪಾದದ ಡಾಕ್ಟರಿಗೆ ತೋರಿಸುತ್ತಿರಬೇಕು ಎಂದರು. ಅಕ್ಕೋರು ಜೊತೆಗೆ ಬಂದರೆ ಹೋಗುತ್ತೇನೆ, ಅವರಿಗೆ ಅಲ್ಲಿ ಗುರುತಿದೆ ಎಂದಳು ನೀಲವ್ವ. ಹಾಗೆ ಅದೇ ಗಾಜಿನ ಬಾಗಿಲಿಗೆ ಇಬ್ಬರೂ ಬಂದೆವು. ಕೌಂಟರಿನ ಹೆಂಗಸು, ಮೊದಲ ಸಲವೇ ಎಂದು ಹಿಂದಿಯಲ್ಲಿ ಕೇಳಿದಳು. ನೀಲವ್ವ ನನ್ನ ಪರವಾಗಿ ಉತ್ಸಾಹದಿಂದ, ತನ್ನದು ಮೊದಲ ಸಲ, ಮೇಡಂದು ಹಳೇ ಫೈಲ್ ಇದೆ, ಹುಡುಕಿ ಎಂದಳು. ಆಕೆ ಕಂಪ್ಯೂಟರಿನಲ್ಲಿ ಹುಡುಕಿದಳು. ಸಿಗಲಿಲ್ಲ. ಹೆಸರಿನ ಸ್ಪೆಲ್ಲಿಂಗ್ ಬದಲಿಸಿ ಹುಡುಕಿದಳು. ಹಿಂದಿನ ತಿಂಗಳುಗಳ ರಿಜಿಸ್ಟರ್ ತೆಗೆದು ಪುಟ ತಿರುವಿದಳು. ನೀಲವ್ವ ಕೌಂಟರಿನ ಮೇಲೆ ಬಗ್ಗಿ, ಸರಿಯಾಗಿ ನೋಡಿ, ಇವರು ಬಂದು ಹೋಗಿದ್ದಾರೆ ಎಂದು ಒತ್ತಾಯಿಸುತ್ತಲೇ ಇದ್ದಳು. ನಾನು ಅಷ್ಟೂ ಹೊತ್ತು ಹುಡುಕಲು ಬಿಟ್ಟೆ — ಅದೂ ನನ್ನ ತಪ್ಪಿನ ಪಾಲೇ.

“ಹುಡುಕಿಸಬೇಡ,” ಎಂದೆ ಕೊನೆಗೆ, ಕನ್ನಡದಲ್ಲಿ, ನೀಲವ್ವನ ಕಡೆ ತಿರುಗಿ. “ನಾನು ಒಳಗೆ ಹೋಗಿರಲಿಲ್ಲ ನೀಲವ್ವ. ಬಾಗಿಲಿನಿಂದಲೇ ಓಡಿಹೋದೆ. ನಿನಗೆ ಹೇಳಿದ್ದೆಲ್ಲ ಸುಳ್ಳು.”

ಅವಳು ನನ್ನನ್ನೇ ನೋಡಿದಳು. ಒಳಗಿನಿಂದ ಕರೆ ಬಂತು. ಅವಳು ಒಳಗೆ ಹೋಗಿ ಡಾಕ್ಟರ್ ಹುಡುಗಿಗೆ ಹೇಳಿದ್ದು ಒಂದೇ ಮಾತು — ಮೊದಲು ಇವರ ಕಾಲು ನೋಡಿ.

ಕಾಲುಚೀಲ ತೆಗೆದೆ. ಹುಡುಗಿ ಮುಖ ಸಿಂಡರಿಸಲಿಲ್ಲ. ಇದಕ್ಕಿಂತ ದಪ್ಪ ಉಗುರು ಬೆಳಿಗ್ಗೆಯೇ ನೋಡಿದ್ದೇನೆ ಅಜ್ಜಿ ಎಂದಳು. ಶುಗರ್ ಎಷ್ಟು ವರ್ಷದಿಂದ, ಯಾವ ಮಾತ್ರೆ, ಯಾವ ಚಪ್ಪಲಿ ಎಂದು ಕೇಳಿ, ನನ್ನ ಚಪ್ಪಲಿಯ ಸವೆದ ಅಂಚನ್ನು ತಿರುಗಿಸಿ ನೋಡಿದಳು. ಕಣ್ಣು ಮುಚ್ಚಿಸಿ ನೈಲಾನ್ ದಾರದ ತುದಿಯೊಂದನ್ನು ಅಂಗಾಲಿಗೆ ಮುಟ್ಟಿಸಿ, ತಿಳಿದಾಗ ಹೇಳಿ ಎಂದಳು. ಗುಂಯ್ ಎನ್ನುವ ಕಬ್ಬಿಣದ ಕವೆಯೊಂದನ್ನು ಹೆಬ್ಬೆರಳಿಗೆ ಇಟ್ಟು, ಅದುರುವುದು ತಿಳಿಯುತ್ತದೆಯೇ ಎಂದಳು. ಪುಟ್ಟ ಉಪಕರಣ ಹಿಡಿದು ಪಾದದ ನಾಡಿಯ ಸದ್ದು ಕೇಳಿಸಿದಳು. ಆಮೇಲೆ ಉಗುರುಗಳನ್ನು ಚಟ್ ಚಟ್ ಎಂದು ಕತ್ತರಿಸಿ, ಹಿಮ್ಮಡಿಯನ್ನು ಉಜ್ಜಿ ನುಣುಪು ಮಾಡಿದಳು. ಅಂಗಾಲಿಗೆ ಕಚಗುಳಿಯಾಗಿ ನಾನು ನಕ್ಕುಬಿಟ್ಟೆ, ತಡೆಯಲಾಗದೆ ನಕ್ಕೆ. ಯಂತ್ರವಿಲ್ಲ, ಸೂಜಿಯಿಲ್ಲ. ಅರ್ಧ ಗಂಟೆ. ನೀಲವ್ವ ಮೂಲೆಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. ನನ್ನ ನಗು ಅರ್ಧಕ್ಕೇ ನಿಂತಿತು.

ಹದಿನೈದು ದಿನ ಅವಳು ಚಹಾಕ್ಕೆ ಬರಲಿಲ್ಲ. ನಾನು ಸಾಲು ಖೋಲಿಗಳ ಚಾಳಿನಲ್ಲಿದ್ದ ಅವಳ ಮನೆಗೆ ಹೋದೆ. ಕೂರಿ ಎಂದಳು, ಅಷ್ಟೇ. ಎರಡನೆಯ ಸಲ ಹೋದಾಗ ಹಿಟ್ಟು ನಾದುತ್ತಲೇ, ನನ್ನ ಕಡೆ ನೋಡದೆ ಹೇಳಿದಳು:

“‘ನನಗ ಹೆದರಿಕಿ ಆಗೇತಿ’ ಅಂತ ಅವತ್ತ ನೀವು ಅಂದಿದ್ರ, ಇಬ್ರೂ ಕೂಡೇ ಹೋಗ್ತಿದ್ವೆಲ್ರಿ ಅಕ್ಕೋರ.”

ಮರುದಿನ ಮಧ್ಯಾಹ್ನ ಅವಳು ಬಂದಳು. ಬೆರಳಿನ ಜಾಗಕ್ಕೆ ಮೆತ್ತೆ ಕೂರಿಸಿದ ಹೊಸ ಚಪ್ಪಲಿಯನ್ನು ಬಾಗಿಲಲ್ಲಿ ಬಿಡದೆ ಒಳಗೇ ಮೆಟ್ಟಿಕೊಂಡು ಬಂದು, ಇನ್ನು ಮೇಲೆ ಎಲ್ಲ ಮನೆಯಲ್ಲೂ ಹೀಗೇ, ಡಾಕ್ಟರ ಅಪ್ಪಣೆ ಎಂದು ಗತ್ತಿನಿಂದ ಕುರ್ಚಿ ಎಳೆದುಕೊಂಡಳು. ಮೂರು ಮನೆಗಳಲ್ಲಿ ಒಂದು ಮನೆಯವರು ಮುಖ ಗಂಟಿಕ್ಕಿದರಂತೆ. ಆ ಮನೆ ಬಿಟ್ಟು ಬೇರೆ ಹಿಡಿದಳು.

ಎರಡು ತಿಂಗಳಿಗೊಮ್ಮೆ ನಾವಿಬ್ಬರೂ ವಿಲೆ ಪಾರ್ಲೆಗೆ ಹೋಗುತ್ತೇವೆ. ಈಚೆಗೆ ನೀಲವ್ವ ತನ್ನ ಚಾಳಿನ, ತನ್ನ ಊರ ಕಡೆಯ ಹೆಂಗಸರನ್ನೂ ಹೊರಡಿಸಿಕೊಂಡು ಬರುತ್ತಾಳೆ. ಹೊಸಬರು ಕಾಲು ಮುದುಡಿ ಬೆಂಚಿನಲ್ಲಿ ಕೂತಿರುತ್ತಾರೆ. ಅವಳು ಎಲ್ಲರಿಗೂ ಕೇಳುವಂತೆ ನನ್ನನ್ನು ಪರಿಚಯಿಸುತ್ತಾಳೆ, ಪ್ರತಿ ಸಲ, ಒಂದಕ್ಷರ ಬಿಡದೆ: “ಇವರು ನಮ್ಮ ಸಾಲಿ ಅಕ್ಕೋರು. ಇಲ್ಲಿ ಏನ್ ಮಾಡ್ತಾರಂತ ನನಗ ಸುಳ್ಳ ಹೇಳಿದ್ರು. ಈಗ ಖರೇ ಹೇಳ್ತಾರ, ಕೇಳ್ರಿ.” ಹೆಂಗಸರು ಮೊದಲು ಗಾಬರಿಯಿಂದ, ಆಮೇಲೆ ಕುತೂಹಲದಿಂದ ನನ್ನ ಕಡೆ ತಿರುಗುತ್ತಾರೆ. ನೀಲವ್ವ ಕೈಕಟ್ಟಿ ಕೂತು ಕಾಯುತ್ತಾಳೆ.

ನಾನು ಎದ್ದು ನಿಂತು ಹೇಳುತ್ತೇನೆ. ಕಾಲುಚೀಲ, ಟವೆಲ್, ನೈಲಾನ್ ದಾರ, ಕಚಗುಳಿ — ಆದದ್ದನ್ನು ಆದ ಹಾಗೆ, ಒಂದಿಷ್ಟೂ ಬೆಳೆಸದೆ. ಆದರೆ ಶುರು ಮಾಡುವ ವಾಕ್ಯ ಯಾವಾಗಲೂ ಒಂದೇ. ಅದನ್ನು ಹೇಳುವಾಗ ನೀಲವ್ವನ ಕಡೆ ನೋಡಿಯೇ ಹೇಳುತ್ತೇನೆ: ನಾನು ಹೆದರಿದ್ದೆ.