ಮಾತಿಲ್ಲದ ಪ್ರಾರ್ಥನೆಯ ಸುಗಲವ್ವ

ಯಾದಗಿರಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮಿಷನ್ ದವಾಖಾನೆಯ ಹಿತ್ತಲಲ್ಲಿ ಸುಗಲವ್ವ ಒಲೆಯ ಬಾಯಿಗೆ ತೊಗರಿ ಕಟ್ಟಿಗೆ ತುರುಕುತ್ತಿದ್ದಾಳೆ. ಒಲೆಯ ಮೇಲಿನ ಹಂಡೆಯಲ್ಲಿ, ನಿನ್ನೆ ರೋಗಿಗಳ ಗಾಯದಿಂದ ಬಿಚ್ಚಿದ ಪಟ್ಟಿಗಳು ಒಗೆಯುವ ಸೋಡಾ ಬೆರೆಸಿದ ನೀರಿನಲ್ಲಿ ಮುಳುಗಿವೆ. ಸ್ಟೇಷನ್ ರಸ್ತೆಯ ಕಡೆಯಿಂದ ಮೋಟಾರಿನ ಸದ್ದು ಕೇಳಿದರೆ ಸಾಕು, ಅವಳ ಕೈ ನಿಂತುಬಿಡುತ್ತದೆ. ಸದ್ದು ದೂರವಾಗುವವರೆಗೆ ಉಸಿರು ಬಿಗಿಹಿಡಿದು, ಆಮೇಲೆ ಇನ್ನೊಂದು ಕಡ್ಡಿ ಮುರಿದು ಒಲೆಗೆ ಹಾಕುತ್ತಾಳೆ.

"ಮೊದಲ ಹಿಂಗ ಇರಲಿಲ್ರಿ. ಮೋಟಾರ್ ಬಂದ್ರ ಪೇಶಂಟ್ ಬಂದಾರಂತ ಓಡ್ತಿದ್ದೆ. ಈಗ ಯಾರನ್ನ ಒಯ್ಯಾಕ ಬಂದಾರೋ ಅಂತ ಎದಿ ಡವಡವ ಅಂತದ."

ನೀರು ಕುದಿಯುವಷ್ಟರಲ್ಲಿ ಅವಳಿಗೆ ಇನ್ನೊಂದು ಕೆಲಸವಿದೆ. ಕಾಂಪೌಂಡಿನ ಮೂಲೆಯ ಸಣ್ಣ ಪ್ರಾರ್ಥನಾ ಮಂದಿರದ ಬಾಗಿಲು ತೆಗೆದು, ಕಸ ಹೊಡೆದು, ಚಾಪೆ ಹಾಸಿ, ದೀಪ ಹಚ್ಚಬೇಕು. ಇದು ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ. ಕ್ರೈಸ್ತರು ತಮ್ಮ ಕರ್ತನ ಬರವನ್ನು ಕಾಯುವ ನಾಲ್ಕು ವಾರಗಳು. ಮೊದಲ ವಾರ ಒಂದು ಹಣತೆ, ಎರಡನೆಯ ವಾರ ಎರಡು, ಹೀಗೆ. ಈಗ ಕೊನೆಯ ವಾರ. ಫರಸಿಕಲ್ಲಿನ ಮೇಲೆ ನಾಲ್ಕೂ ಹಣತೆಗಳು ಉರಿಯುತ್ತಿವೆ.

ಈ ಮುಂಜಾವಿನ ಪ್ರಾರ್ಥನೆಯಲ್ಲಿ ಹಾಡಿಲ್ಲ, ಬೋಧನೆಯಿಲ್ಲ. ಪಾಸ್ಟರ್ ದೇವಿಂದ್ರಪ್ಪನವರು ಬೈಬಲಿನ ಒಂದು ವಾಕ್ಯವನ್ನು ನಿಧಾನವಾಗಿ ಓದುತ್ತಾರೆ, ಸುಮ್ಮನಾಗುತ್ತಾರೆ, ಮತ್ತೆ ಅದನ್ನೇ ಓದುತ್ತಾರೆ. ಕೇಳಿದವರು ಮನಸ್ಸಿಗೆ ತಾಗಿದ ಒಂದೇ ಮಾತನ್ನು ಹಿಡಿದು ಕಣ್ಣು ಮುಚ್ಚಿ ಕೂರುತ್ತಾರೆ. ಯಾವ ಮಾತೂ ತಾಗದಿದ್ದರೆ ಉಸಿರೆಳೆದುಕೊಳ್ಳುವಾಗ ಮನಸ್ಸಿನಲ್ಲೇ 'ಕರ್ತನೇ', ಬಿಡುವಾಗ 'ಬಾ'. ಅಷ್ಟೇ. ಹೊಸಬರ ಪಕ್ಕ ಕೂತು ಇದನ್ನು ರೂಢಿ ಮಾಡಿಸುವವಳು ಸುಗಲವ್ವ.

ಅವಳು ಹುಟ್ಟಿದ್ದು ಹತ್ತಿರದ ಮುದನಾಳದಲ್ಲಿ. ದೀಕ್ಷಾಸ್ನಾನದಲ್ಲಿ ಮಾರ್ತಾ ಎಂದು ಹೆಸರಿಟ್ಟರೂ ಆ ಹೆಸರಿನಿಂದ ಕರೆದವರಿಲ್ಲ. ಗಂಡ ರೈಲು ಹಳಿಯ ಕೂಲಿಯವನು, ಜ್ವರದಲ್ಲಿ ತೀರಿಕೊಂಡ. ಅವನನ್ನು ಹೊತ್ತು ತಂದ ದವಾಖಾನೆಯಲ್ಲೇ ಅವಳಿಗೆ ಪಟ್ಟಿ ಒಗೆಯುವ ಕೆಲಸ ಸಿಕ್ಕಿತು. ಆಗ ಇಲ್ಲಿದ್ದ ಮುದಿ ನರ್ಸು, ಎಲ್ಲರೂ ಮಿಸ್ಸಮ್ಮ ಎನ್ನುತ್ತಿದ್ದ ಪರದೇಶದ ಹೆಂಗಸು, ಈ ಮೌನವನ್ನು ಅವಳಿಗೆ ಕಲಿಸಿದಳು.

"ಸುಮ್ಮನ ಕುಂದ್ರು ಅಂದ್ರು. ಕೆಲಸ ತಪ್ಪಿಸಾಕ ಛಲೋ ಉಪಾಯ ಅದ ಅಂತ ನಕ್ಕೆ. ಬಾಯಿ ತೆಗೀಲಿಲ್ಲಂದ್ರ ದೇವರಿಗಿ ನಮ್ಮ ದುಃಖ ಹ್ಯಾಂಗ ಗೊತ್ತಾಗ್ತದ ಅಂತ ಕೇಳಿದೆ. ನಿನ್ನ ದುಃಖ ಆತನಿಗಿ ಗೊತ್ತದ, ನಿನಗ ಆತ ಗೊತ್ತಾಗಬೇಕಲ್ಲ, ಅಂದ್ರು."

ಮಿಸ್ಸಮ್ಮ ಊರಿಗೆ ಮರಳಿದ ಮೇಲೂ ಸುಗಲವ್ವ ಕೂರುವುದನ್ನು ಬಿಡಲಿಲ್ಲ. ಮುಂಜಾನೆ ಸಿಕ್ಕ ಮಾತನ್ನು ದಿನವೆಲ್ಲ ಪಟ್ಟಿ ಹಿಂಡುತ್ತಾ, ಹಗ್ಗಕ್ಕೆ ಹರವುತ್ತಾ, ಒಣಗಿದ್ದನ್ನು ಸುತ್ತುತ್ತಾ ಒಳಗೊಳಗೇ ಹೇಳಿಕೊಳ್ಳುತ್ತಾಳೆ. ಬುಟ್ಟಿಗಟ್ಟಲೆ ಪಟ್ಟಿ. ಸೋಡಾಕ್ಕೆ ಬೆರಳ ಸಂದುಗಳು ಬಿರಿದಿವೆ.

ಕಳೆದ ವರ್ಷ ಆಗಮನ ಕಾಲದಲ್ಲಿ ಚಾಪೆ ಸಾಲದೆ ಜನ ಗೋಣಿತಟ್ಟಿನ ಮೇಲೆ ಕೂತಿದ್ದರು. ಈ ವರ್ಷ ಬರುವವರು ಬೆರಳೆಣಿಕೆಯಷ್ಟು. ಸೆಪ್ಟೆಂಬರಿನಲ್ಲಿ ಸೈನ್ಯ ಬಂತು, ಹೈದರಾಬಾದ್ ಸಂಸ್ಥಾನ ಹಿಂದುಸ್ತಾನಕ್ಕೆ ಸೇರಿತು. ಊರು ಬಾವುಟ ಕಟ್ಟಿ ಕುಣಿಯಿತು. ಆಮೇಲೆ ಓಣಿಯಿಂದ ಓಣಿಗೆ ಹೆದರಿಕೆ ಹರಡಿತು. ನಿಜಾಮನ ಪರ ಹೋರಾಡಿದ ರಜಾಕಾರರ ಜೊತೆಗಿದ್ದರೆಂದು ಯಾರು ಯಾರ ಹೆಸರನ್ನು ಸೈನ್ಯಕ್ಕೆ ಹೇಳುತ್ತಾರೋ ತಿಳಿಯದು. ಕತ್ತಲಲ್ಲಿ ಮನೆಯಿಂದ ಹೊರಬೀಳಲು ಯಾರಿಗೆ ಧೈರ್ಯ?

ಅಂಥ ಹೊತ್ತಿನಲ್ಲಿ, ಆಗಮನ ಕಾಲದ ಎರಡನೆಯ ವಾರ, ಹಜರಾಬೀ ಬಂದಳು. ದವಾಖಾನೆಯ ಹಿಂದಿನ ಓಣಿಯವಳು, ಟಾಂಗಾ ಹೊಡೆಯುವ ಸಿಕಂದರನ ಹೆಂಡತಿ. ಅವನ ಟಾಂಗಾದಲ್ಲಿ ರಜಾಕಾರರು ಓಡಾಡಿದ್ದರೆಂದು ಯಾರೋ ಹೇಳಿ, ಒಂದು ಸಂಜೆ ಸಿಪಾಯಿಗಳು ಅವನನ್ನು ಟ್ರಕ್ಕಿನಲ್ಲಿ ಕರೆದೊಯ್ದಿದ್ದರು. ಬಾಡಿಗೆಗೆ ಹತ್ತಿದವರನ್ನು ಟಾಂಗಾದವನು ಇಳಿ ಎನ್ನಲಾದೀತೆ? ಎಲ್ಲಿಗೆ ಒಯ್ದರು, ಇದ್ದಾನೋ ಇಲ್ಲವೋ, ಕೇಳಿದಲ್ಲೆಲ್ಲ ಅವಳಿಗೆ ಉತ್ತರ ಸಿಕ್ಕಿರಲಿಲ್ಲ. ಕೂಸಿನ ಜ್ವರಕ್ಕೆ ಔಷಧಿ ಒಯ್ಯಲು ಬಂದವಳು ದೀಪ ಕಂಡು ಮಂದಿರದ ಮೆಟ್ಟಿಲ ಮೇಲೆ ನಿಂತಳು.

"ಅವ್ವಾ, ಇಲ್ಲಿ ಏನೂ ಮಾತಾಡಬೇಕಿಲ್ಲಂತಲ್ಲ?" ಎಂದು ಕೇಳಿದಳು.

"ಇಲ್ಲವಾ. ಕುಂದ್ರು."

"ಹಾಂಗಿದ್ರ ಕುಂದ್ರತೀನಿ. ಮಾತಾಡಿ ಮಾತಾಡಿ ಸಾಕಾಗ್ಯದ."

ಅವಳು ಹಿಂದಿನ ಗೋಡೆಗೆ ಒರಗಿ, ಸೆರಗು ತಲೆಗೆಳೆದುಕೊಂಡು, ತನ್ನ ದೇವರನ್ನು ತಾನು ಕರೆಯುವ ಹೆಸರಿನಿಂದಲೇ ನೆನೆಯುತ್ತಾ ಕೂತಳು. ಮರುದಿನವೂ ಬಂದಳು. ಮೂರನೆಯ ದಿನಕ್ಕೆ ಪಿಸುಮಾತು ಎದ್ದಿತು.

ಭಾನುವಾರದ ಆರಾಧನೆ ಮುಗಿದ ಮೇಲೆ ಜಗದೇವಪ್ಪನವರು ಸುಗಲವ್ವನನ್ನು ಪಕ್ಕಕ್ಕೆ ಕರೆದರು. ಅವರು ಸಭೆಯ ಹಿರಿಯರು. ದವಾಖಾನೆಯ ಕಾರಕೂನರೂ ಹೌದು, ಅವಳ ಸೋಪು ಸೋಡಾ ಅಳೆದುಕೊಡುವವರು.

"ಸುಗಲವ್ವ, ನಾವು ಹಿಡಿಯಷ್ಟು ಮಂದಿ. ಆಕಿ ಗಂಡನ ಸುದ್ದಿ ಊರಿಗೆಲ್ಲ ಗೊತ್ತದ. ಆಕಿನ್ನ ಒಳಗ ಕರಕೊಂಡ್ರ ನಾಳಿ ನಮ್ಮ ಹೆಸರೂ ಬರ್ತದ. ನನಗೂ ಮಕ್ಕಳದಾವ. ಹಬ್ಬ ಮುಗಿಯೋತನಕ ಆಕಿ ಒಳಗ ಬರೋದು ಬ್ಯಾಡ."

"ಅವರು ಹೇಳಿದ್ದು ಸುಳ್ಳಲ್ರಿ," ಎಂದು ಸುಗಲವ್ವ ಈಗ ಹೇಳುತ್ತಾಳೆ. "ನನಗೂ ಹೆದರಿಕಿ ಇತ್ತು. ಈ ಕೆಲಸ ಹೋದ್ರ ಮುದನಾಳದಾಗ ನನಗ ಹೊಲ ಇಲ್ಲ, ಮನಿ ಇಲ್ಲ."

ಮರುದಿನ ಮುಂಜಾನೆ ಹಜರಾಬೀ ಕೂಸನ್ನೆತ್ತಿಕೊಂಡು ಬಂದೇಬಿಟ್ಟಳು. ಸುಗಲವ್ವ ಬರಬೇಡ ಎನ್ನದೆ ಒಳಗೆ ಹೋಗಿ ತನ್ನ ಚಾಪೆ ತಂದು ಹೊರಗಿನ ಮೆಟ್ಟಿಲ ಮೇಲೆ ಹಾಸಿದಳು. ಹಜರಾಬೀಗೆ ಎಲ್ಲ ತಿಳಿಯಿತು.

"ನಾ ಹೋಗ್ತೀನಿ ಅವ್ವಾ. ನಿಮಗ ತ್ರಾಸ ಬ್ಯಾಡ."

"ಕುಂದ್ರು. ಇಬ್ಬರೂ ಇಲ್ಲೇ ಕುಂದ್ರೋಣು."

ಒಳಗಿನಿಂದ ಜಗದೇವಪ್ಪನವರ ದನಿ ಬಂತು. "ಸುಗಲವ್ವ, ಒಳಗ ಬಾ."

"ಆಕಿ ಒಳಗ ಬರಬಾರದು ಅಂದ್ರಿ ಅಣ್ಣಾರ. ನಾ ಹೊರಗ ಕುಂದ್ರಬಾರದು ಅಂದಿಲ್ಲ."

ಒಳಗೆ ಪಾಸ್ಟರು ವಾಕ್ಯ ಓದಿದರು, ಮೌನ ಶುರುವಾಯಿತು. ಭೀಮಾ ನದಿಯ ಕಡೆಯಿಂದ ಥಂಡಿ ಗಾಳಿ ಬೀಸುತ್ತಿತ್ತು. ಆಗಲೇ ರಸ್ತೆಯಲ್ಲಿ ಜೀಪೊಂದು ನಿಧಾನವಾಗಿ, ಕಾಂಪೌಂಡಿನ ಗೇಟಿನಲ್ಲಿ ತಿರುಗಿ, ನಿಂತಿತು. ಬೂಟಿನ ಸದ್ದು ಹತ್ತಿರವಾಯಿತು. ಟಾರ್ಚಿನ ಬೆಳಕು ಮೆಟ್ಟಿಲ ಮೇಲೆ ಬಿತ್ತು. ಈ ಹೊತ್ತಿನಲ್ಲಿ ಇದೇನು ಗುಂಪು, ಇವರು ಯಾರು ಎಂದು ಸಿಪಾಯಿ ಹಿಂದಿಯಲ್ಲಿ ಕೇಳಿದ.

ಹಜರಾಬೀಯ ಕೈ ಸುಗಲವ್ವನ ಮೊಣಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿತ್ತು.

"ಖರೇ ಹೇಳ್ತೀನ್ರಿ," ಎಂದು ಸುಗಲವ್ವ ಈಗ ನಗುತ್ತಾಳೆ. "ಕರ್ತನೇ ಬಾ ಅನ್ನೋದು ಮರತೇ ಹೋಯ್ತು. ಆ ಸಿಪಾಯಿಗಿ ಹೋಗು, ಹೋಗು ಅಂತ ಒಳಗ ಜಪ ಮಾಡಾಕತ್ತಿದ್ದೆ."

ಬಾಗಿಲಲ್ಲಿ ಜಗದೇವಪ್ಪನವರು ಕಾಣಿಸಿಕೊಂಡರು. ಬರಿಗಾಲು, ಮಫ್ಲರು ಹೆಗಲಿಂದ ಜಾರಿತ್ತು. ಇದು ಹಬ್ಬದ ಮುಂಚಿನ ಪ್ರಾರ್ಥನೆ ಎಂದು ಅವರು ತಡವರಿಸುತ್ತಲೇ ಹಿಂದಿಯಲ್ಲಿ ಹೇಳಿದರು. ಟಾರ್ಚು ಹಜರಾಬೀಯ ಮುಖದ ಮೇಲೆ ನಿಂತಿತು.

"ಔರ್ ಯೇ?" ಮತ್ತೆ ಇವಳು?

ಜಗದೇವಪ್ಪನವರು ಮೆಟ್ಟಿಲಿಗೆ ಇಳಿದು ಬಂದರು. "ಸಬ್ ಹಮಾರೇ ಲೋಗ್ ಹೈಂ, ಸಾಬ್." ಎಲ್ಲರೂ ನಮ್ಮವರೇ.

ಬೆಳಕು ಕೂಸಿನ ಮೇಲೆ ಒಮ್ಮೆ ಆಡಿ ಆರಿತು. ಜೀಪು ಹೋಯಿತು. ಜಗದೇವಪ್ಪನವರು ಅಲ್ಲೇ ಮೆಟ್ಟಿಲ ಮೇಲೆ ಕೂತರು. ತಲೆ ಎತ್ತದೆಯೇ ಅಂದರು: "ಒಳಗ ನಡಿ ತಂಗಿ. ಕೂಸಿಗಿ ಥಂಡಿ ಹತ್ತತದ."

ಅಂದಿನಿಂದ ಹಜರಾಬೀ ಒಳಗೇ ಕೂರುತ್ತಾಳೆ. ಒಂದೆರಡು ಮನೆಯವರು ಬರುವುದನ್ನು ಬಿಟ್ಟಿದ್ದಾರೆ, ಜಗದೇವಪ್ಪನವರು ಬಿಟ್ಟಿಲ್ಲ. ಈ ವಾರ ಜೈಲಿನಿಂದ ಬಿಡುಗಡೆಯಾಗಿ ಸುರಪುರಕ್ಕೆ ಹೊರಟಿದ್ದ ಒಬ್ಬ, ಸಿಕಂದರನನ್ನು ಗುಲಬರ್ಗಾ ಜೈಲಿನಲ್ಲಿ ಕಂಡೆ ಎಂದು ಸ್ಟೇಷನ್ನಿನಲ್ಲಿ ಹೇಳಿ ಹೋಗಿದ್ದಾನೆ. ಸೊರಗಿದ್ದಾನಂತೆ, ಆದರೆ ಇದ್ದಾನೆ. ಯಾವಾಗ ಬಿಡುತ್ತಾರೆಂದು ಸುದ್ದಿ ತಂದವನಿಗೂ ಗೊತ್ತಿಲ್ಲ. ಹಬ್ಬ ಮುಗಿದ ಕೂಡಲೇ ಪಾಸ್ಟರು ಗುಲಬರ್ಗಾಕ್ಕೆ ಹೋಗಿ ವಿಚಾರಿಸಲಿದ್ದಾರೆ. ಸುದ್ದಿ ಕೇಳಿದಾಗಿನಿಂದ ಹಜರಾಬೀಯ ಕಳವಳ ಹೆಚ್ಚೇ ಆಗಿದೆ. ಇಲ್ಲವೆಂದುಕೊಂಡವನು ಇದ್ದಾನೆ, ಇನ್ನು ಏನಾದರೂ ಆದರೆ ಎಂಬ ದಿಗಿಲು.

ಹೊತ್ತು ಏರಿದೆ. ಸುಗಲವ್ವ ಕುದಿದ ಪಟ್ಟಿಗಳನ್ನು ಕೋಲಿನಿಂದ ಎತ್ತಿ ಹಿಂಡುತ್ತಿದ್ದಾಳೆ. ಹಬ್ಬಕ್ಕೆ ನಿನಗೇನು ಬೇಕು ಎಂದು ಕೇಳಿದರೆ ಮೊದಲು ನಾಚುತ್ತಾಳೆ, ಆಮೇಲೆ ಕೈ ಒರೆಸಿಕೊಳ್ಳುತ್ತಾಳೆ.

"ನಂದೇನದ್ರಿ. ಹಬ್ಬ ಆಯ್ತಂದ್ರ ಮಂದಿ ಮುಂಜಾನಿ ಬರೋದು ಬಿಡ್ತಾರ, ಪ್ರತಿ ವರ್ಷ ಹಾಂಗೇ. ಈ ವರ್ಷ ಬಿಡಬಾರದು. ನಾವು ಕಾಯೋ ಕರ್ತ ಬರ್ತಾನ, ಹಬ್ಬ ಮಾಡ್ತೀವಿ. ಹಜರಾಬೀ ಕಾಯೋ ಗಂಡ ಇನ್ನಾ ಬಂದಿಲ್ಲಲ್ರಿ. ಆತ ಬರೋತನಕ ಆಕಿನ್ನ ಒಬ್ಬಾಕಿನ್ನ ಕುಂದ್ರಿಸಬಾರದು."