ಆಡಿನ ಹಾಲು

ಜೈತೂನ್, ನಾನು ನಿನಗೆ ಎಂದೂ ಎದೆಹಾಲು ಕುಡಿಸಿಲ್ಲ.

ಒಂದು ಹನಿಯೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೊರಟರೆ ನನ್ನ ಹಾಳು ನಾಲಿಗೆ ಮತ್ತೆ ಯಾವುದಾದರೂ ಸುಳ್ಳಿನ ದಾರಿ ಹಿಡಿದೀತು — ಅದರ ಗುಣ ನನಗೆ ಗೊತ್ತು. ಬಸವಾಪಟ್ಟಣದ ನಮ್ಮ ಓಣಿಯೆಲ್ಲ ನನ್ನನ್ನು ನಿನಗೆ ಹಾಲು ಕೊಟ್ಟ ತಾಯಿ ಅನ್ನುತ್ತದೆ. ನೀನು ನನ್ನನ್ನು ಅವ್ವ ಅನ್ನುತ್ತೀಯ, ನನ್ನ ಮಗ ಮೆಹಬೂಬನನ್ನು ಅಣ್ಣ ಅನ್ನುತ್ತೀಯ. ಇವೆಲ್ಲ ನಿಂತಿರುವುದು ಒಂದು ಮಧ್ಯಾಹ್ನ ನಾನು ಸಿಟ್ಟಿನಲ್ಲಿ ಆಡಿದ ಒಂದು ಮಾತಿನ ಮೇಲೆ.

ಒಬ್ಬಳ ಎದೆಹಾಲು ಕುಡಿದ ಕೂಸು ಅವಳ ಮಕ್ಕಳಿಗೆ ಒಡಹುಟ್ಟಿದ ಹಾಗೆ, ಅವರ ನಡುವೆ ನಿಕಾ ಆಗುವಂತಿಲ್ಲ — ನಮ್ಮ ಧರ್ಮದ ಈ ಮಾತು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಆ ಕಾಲಕ್ಕೆ ನನಗೆ ನಮಾಜು ಬರುತ್ತಿರಲಿಲ್ಲ, ಅದಕ್ಕೆ ಮೊದಲು ಕೈಕಾಲು ಮುಖ ತೊಳೆಯುವ ವಜೂ ಹೇಗೆ ಮಾಡಬೇಕೆಂದು ತಿಳಿದಿರಲಿಲ್ಲ. ಆದರೆ ಈ ಒಂದು ನಿಯಮ ಮಾತ್ರ ಗೊತ್ತಿತ್ತು. ಅದನ್ನೇ ನಿಮ್ಮಿಬ್ಬರ ಮೇಲೆ ಬಳಸಿದೆ.

ನಡೆದದ್ದು ಇಷ್ಟು. ನಿನ್ನ ಅವ್ವ ಖಾಜಾಬಿಯ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಎರಡೂ ಮನೆಯ ಗಂಡಸರು ಪಿಂಜಾರರು. ಹತ್ತಿ ಹಿಂಜಿ, ಗಾದಿ ಹೊಲಿಯಲು ಚನ್ನಗಿರಿ, ಹೊನ್ನಾಳಿ ಅಂತ ಒಟ್ಟಿಗೇ ಹೋಗುತ್ತಿದ್ದರು. ನೀನು ಹುಟ್ಟಿದ ಮೇಲೆ ಖಾಜಾಬಿಗೆ ಬಾಣಂತಿ ಜ್ವರ ಬಂತು, ಎದೆ ಬತ್ತಿತು. ನಿನ್ನನ್ನು ನಾನು ಎತ್ತಿಕೊಂಡೆ. ನನ್ನ ಮಡಿಲಲ್ಲೂ ಆಗ ಒಂದು ಹೆಣ್ಣು ಕೂಸಿತ್ತು — ಅದು ಉಳಿಯಲಿಲ್ಲ, ಅದರ ಮಾತು ಬೇಡ. ನೀನು ಹಸಿದು ಕಿರುಚುತ್ತಿದ್ದೆ. ನನ್ನ ಕೈ ತಾನಾಗಿಯೇ ಕುಪ್ಪಸದ ಗುಂಡಿಗೆ ಹೋಗಿತ್ತು. ಚಾಪೆಯ ಮೇಲಿಂದ ಖಾಜಾಬಿ ಕೂಗಿದಳು.

"ಬ್ಯಾಡ ಕಣೇ ಹುಸೇನಿ, ಆಡಿನ ಹಾಲು ಕುಡಿಸು. ನಾಳೆ ಈಕೀನ ನಿನ್ನ ಮೆಹಬೂಬಗೆ ಕೊಡಾಕೆ ಬೇಕು ನಂಗೆ."

ಆ ಜ್ವರದಲ್ಲೂ ಅವಳಿಗೆ ನಗು. ನಾನೂ ನಕ್ಕೆ. ಆಡಿನ ಹಾಲಿಗೆ ನೀರು ಬೆರೆಸಿ ಕಾಯಿಸಿ, ನನ್ನ ಗಂಡ ಹಿಂಜಿದ ಹತ್ತಿಯನ್ನೇ ಬತ್ತಿ ಮಾಡಿ ಅದ್ದಿ ಅದ್ದಿ ನಿನ್ನ ಬಾಯಿಗೆ ಇಟ್ಟೆ. ನೀನು ಬದುಕಿದ್ದು ಆ ಹಾಲಿನಿಂದ.

ಎಮರ್ಜೆನ್ಸಿ ಮುಗಿದ ಮರುವರ್ಷ ಮೆಹಬೂಬ ನಿನ್ನನ್ನೇ ಮದುವೆ ಆಗುತ್ತೇನೆ ಅಂದ. ನನಗೆ ಹೇಳಲಿಲ್ಲ — ಅವನಪ್ಪನಿಗೆ ಹೇಳಿದ, ನಿಮ್ಮ ಮನೆಗೆ ಹೇಳಿದ, ಸೂಳೆಕೆರೆಯಿಂದ ಮೀನು ತರುವವಳಿಗೂ ಸುದ್ದಿ ಮುಟ್ಟಿತ್ತು. ನನಗೆ ತಿಳಿದದ್ದು ಎಲ್ಲರಿಗಿಂತ ಕೊನೆಗೆ. ಅತ್ತ ಹೊನ್ನಾಳಿಯ ನನ್ನ ಅಣ್ಣನಿಗೆ, ನಿನ್ನ ಮಗಳನ್ನೇ ಸೊಸೆಯಾಗಿ ತಂದುಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ಈ ಮಾತನ್ನೇ ಬಹಳ ವರ್ಷ ನೆಪ ಮಾಡಿಕೊಂಡಿದ್ದೆ. ಆದರೆ ನಿಜ ಹೇಳುತ್ತೇನೆ — ಅಣ್ಣನ ಮಾತಿಗಿಂತ, ಹೆತ್ತವಳನ್ನು ಕೇಳದೆ ಎಲ್ಲ ನಿಶ್ಚಯ ಮಾಡಿದರಲ್ಲ, ಅದೇ ನನ್ನನ್ನು ಸುಟ್ಟಿತು. ನನ್ನ ಸಿಟ್ಟು ಯಾವತ್ತೂ ಮೂಗಿನ ತುದಿಯಲ್ಲೇ ಇರುತ್ತಿತ್ತು, ನಿನಗೆ ಗೊತ್ತಿದ್ದದ್ದೇ.

ಆ ಮಧ್ಯಾಹ್ನ ಖಾಜಾಬಿ ತಟ್ಟೆಯಲ್ಲಿ ಸಕ್ಕರೆ ಹಾಕಿಕೊಂಡು ಬಂದಳು, ಸಂಬಂಧ ಗಟ್ಟಿ ಮಾಡಲು. ಹತ್ತಿ ರಾಶಿಯ ಪಕ್ಕ ಕೂತಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ.

"ಖಾಜಾ, ಇದು ಆಗಂಗಿಲ್ಲ. ನಿನ್ನ ಮಗಳು ನನ್ನ ಹಾಲು ಕುಡಿದಾಳೆ."

ಅವಳು ನನ್ನ ಮುಖವನ್ನೇ ನೋಡಿದಳು. "ಆಡಿನ ಹಾಲು ಕುಡಿಸು ಅಂದಿದ್ನಲ್ಲೇ..."

"ಅಂದಿದ್ದಿ. ಆಮೇಲೆ ನಿಂಗೆ ಜ್ವರ ಏರಿ ಮೈಮ್ಯಾಲೆ ಎಚ್ಚರ ಇರ್ಲಿಲ್ಲ. ಕೂಸು ಆಡಿನ ಹಾಲು ಕಕ್ತಿತ್ತು. ಸತ್ತು ಹೋಗ್ತೈತೆ ಅಂತ ನಾನೇ ಕೊಟ್ಟೆ. ನಿಂಗೆ ಹೇಳ್ಲಿಲ್ಲ."

ಜಗಳ ಆಡುತ್ತಾಳೆ ಅಂದುಕೊಂಡಿದ್ದೆ. ತಟ್ಟೆ ಎಸೆಯುತ್ತಾಳೆ, ಆಣೆ ಹಾಕಿಸುತ್ತಾಳೆ — ಅದಕ್ಕೆಲ್ಲ ತಯಾರಾಗಿದ್ದೆ. ಅವಳು ನನ್ನ ಎರಡೂ ಕೈ ಹಿಡಿದು ಅತ್ತಳು. ನನ್ನ ಕೂಸಿನ ಜೀವ ಉಳಿಸಿದ್ದು ನೀನು, ಇಷ್ಟು ವರ್ಷ ಬಾಯಿ ಬಿಟ್ಟು ಹೇಳಲಿಲ್ಲವಲ್ಲೇ, ಅಂದಳು. ಆಗಲಾದರೂ ಹೇಳಬಹುದಿತ್ತು, ಸಿಟ್ಟಿನಲ್ಲಿ ಅಂದೆ ಕಣೇ ಅಂತ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ನನ್ನದು ಹೋಗಲಿಲ್ಲ, ಮನೆಯಲ್ಲೇ ಕೂತಿತು.

ಮಸೀದಿಯ ಹಜರತ್ತರನ್ನು ಕೇಳಿದರು. ಅವರು, ಸಾಕ್ಷಿ ಅಂತ ಇರುವುದು ಇವಳೊಬ್ಬಳ ಮಾತು, ಆದರೂ ಇಂಥ ವಿಷಯದಲ್ಲಿ ಸಂದೇಹ ಹುಟ್ಟಿದ ಮೇಲೆ ಬಿಟ್ಟುಬಿಡುವುದೇ ಒಳ್ಳೆಯದು ಅಂದರು. ತಪ್ಪು ಅವರದಲ್ಲ. ಹಾಲು ಕೊಟ್ಟೆ ಅಂತ ಯಾವ ಹೆಂಗಸು ಸುಳ್ಳು ಹೇಳಿಯಾಳು?

ಮೆಹಬೂಬ ಆ ವಾರವೇ ಹೊನ್ನಾಳಿಯಲ್ಲಿ ಭತ್ತದ ಲಾರಿ ಹತ್ತಿ ಊರು ಬಿಟ್ಟ. ಅಣ್ಣನ ಮಗಳನ್ನೂ ಒಲ್ಲೆ ಅಂದ, ಬೇರೆ ಯಾರನ್ನೂ ಒಲ್ಲೆ ಅಂದ. ಈಗಲೂ ಹಾಗೆಯೇ ಇದ್ದಾನೆ. ನಿನ್ನನ್ನು ನ್ಯಾಮತಿಗೆ ಕೊಟ್ಟರು, ಹೆಂಡತಿ ಸತ್ತಿದ್ದವನಿಗೆ, ನಿನ್ನ ಅಪ್ಪನ ವಯಸ್ಸಿನವನಿಗೆ. ನೀನು ಎತ್ತಿನಗಾಡಿ ಹತ್ತುವಾಗ ನನ್ನ ಕಾಲು ಮುಟ್ಟಲು ಬಂದೆ. ನಾನು ಒಲೆಯ ಮೇಲೆ ಏನೋ ಇದೆ ಅಂತ ಒಳಗೆ ಹೋದೆ. ಒಲೆ ಹಚ್ಚಿರಲೇ ಇಲ್ಲ.

ಆಮೇಲಿನದು ನಿನಗೇ ಗೊತ್ತು. ನನ್ನ ಗಂಡನಿಗೆ ಲಕ್ವ ಹೊಡೆಯಿತು. ಹತ್ತಿ ಹಿಂಜುವ ಬಿಲ್ಲು ಗೋಡೆಗೆ ಏರಿತು, ಅವರು ಚಾಪೆ ಹಿಡಿದವರು ಮತ್ತೆ ಏಳಲಿಲ್ಲ. ಖಾಜಾಬಿಯೂ ಹೋದಳು, ನನ್ನನ್ನು ಹರಸುತ್ತಲೇ ಹೋದಳು. ಮಗ ಹಬ್ಬಕ್ಕೊಮ್ಮೆ ಬಂದು ಹೊರಗಿನ ಕಟ್ಟೆಯ ಮೇಲೆ ಕೂತು ಹೋಗುವ. ನನಗೆ ಊಟ ಸೇರದು, ಕಣ್ಣು ಮುಚ್ಚದು, ಎದೆಯ ಮೇಲೆ ಯಾರೋ ಕೂತ ಹಾಗೆ. ಇದು ನನಗೆ ಬಂದ ಶಿಕ್ಷೆ ಅಂತ ಗೊತ್ತಿತ್ತು. ಯಾರಿಗೆ ಹೇಳಲಿ?

ಆ ಹೊತ್ತಿಗೆ ನೀನು ಬಂದೆ. ಗಂಡ ತೀರಿಕೊಂಡು, ಮಕ್ಕಳಿಲ್ಲದೆ, ಒಂದು ಗಂಟು ಬಟ್ಟೆ ಹಿಡಿದು ನ್ಯಾಮತಿಯಿಂದ ವಾಪಸು ಬಂದವಳು ನಿನ್ನ ಮನೆಯ ಬೀಗ ತೆಗೆಯುವ ಮೊದಲು ನನ್ನ ಬಾಗಿಲಿಗೆ ಬಂದೆ. ತಂಬಿಗೆಯಲ್ಲಿ ನೀರು ತಂದೆ.

"ಏಳ್ರಿ ಅವ್ವಾ. ವಜೂ ಮಾಡಾನ," ಅಂದೆ.

ನಮ್ಮ ಮನೆಗಳಲ್ಲಿ ಹೆಂಗಸರಿಗೆ ಕಲಿಮ ಒಂದು ಬಿಟ್ಟರೆ ಬೇರೆ ಏನು ಬರುತ್ತಿತ್ತು? ಮನೆ ಮಾತೂ ಕನ್ನಡ, ಅಳುವುದೂ ಕನ್ನಡದಲ್ಲಿ. ನ್ಯಾಮತಿಯ ಅತ್ತೆ ನಿನಗೆ ಕಲಿಸಿದ್ದನ್ನು ನೀನು ನನಗೆ ಕಲಿಸಿದೆ. ಕೈ ತೊಳೆಸಿದೆ, ಮುಖ ತೊಳೆಸಿದೆ, ಕಾಲಿನ ಬೆರಳ ಸಂದಿನಲ್ಲಿ ನಿನ್ನ ಬೆರಳು ಹಾಕಿ ತೊಳೆದೆ. ಕುರಾನಿನ ಸಣ್ಣ ಸಣ್ಣ ಸೂರಾಗಳನ್ನು ಮಕ್ಕಳಿಗೆ ಹೇಳಿಕೊಡುವ ಹಾಗೆ ತುಂಡು ತುಂಡು ಮಾಡಿ ಹೇಳಿಕೊಟ್ಟೆ. ನಾನು ತಪ್ಪಿದರೆ ನಗುತ್ತಿದ್ದೆ — "ಅವ್ವಾ, ಅಲ್ಲಾಹಗೆ ನಿಮ್ಮ ಭಾಷೆನೂ ಬರ್ತೈತೆ, ಅಂಜಬ್ಯಾಡ್ರಿ."

ಮೊದಲ ಸಲ ಸಜ್ದಾಕ್ಕೆ ಬಗ್ಗಿ ಹಣೆ ನೆಲಕ್ಕೆ ತಾಗಿದಾಗ ನನಗೆ ಏನಾಯಿತು ಅಂತ ಹೇಗೆ ಹೇಳಲಿ? ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಯಿತು. ಅತ್ತುಬಿಟ್ಟೆ, ತಲೆ ಎತ್ತಲು ಮನಸ್ಸೇ ಬರಲಿಲ್ಲ. ಅಂದು ಹೊಟ್ಟೆ ತುಂಬ ಉಂಡೆ, ನಿದ್ದೆ ಮಾಡಿದೆ. ಆ ನೆಮ್ಮದಿ ಸುಳ್ಳಲ್ಲ, ಜೈತೂನ್. ನನ್ನಲ್ಲಿ ಸುಳ್ಳು ಬೇಕಾದಷ್ಟಿದೆ, ಅದೊಂದು ಮಾತ್ರ ನಿಜ. ವರ್ಷಗಟ್ಟಲೆ ಅದರಲ್ಲೇ ಬದುಕಿದೆ. ಹುಸೇನಮ್ಮನ ಸಬರ್, ಆ ತಾಳ್ಮೆ ನೋಡಿ ಕಲೀರಿ ಅಂತ ಓಣಿಯವರು ತಮ್ಮ ಸೊಸೆಯಂದಿರಿಗೆ ಹೇಳುತ್ತಿದ್ದರು, ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ. ಒಂದು ರಂಜಾನಿನಲ್ಲಿ ಮಸೀದಿಯ ಮೈಕಿನಲ್ಲಿ ಹಜರತ್ತರ ಬಯಾನ್ ಕೇಳಿಸಿತು — ಅಲ್ಲಾಹನಿಗೆ ಮಾಡಿದ ತಪ್ಪನ್ನು ಅಲ್ಲಾಹ್ ಮಾಫ್ ಮಾಡುತ್ತಾನೆ, ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಮಾಫ್ ಮಾಡಬೇಕು. ನಾನು ಎದ್ದು ಕಿಟಕಿ ಮುಚ್ಚಿದೆ. ಸೊಳ್ಳೆ ಬರ್ತಾವೆ ಅಂತ ನಿನಗೆ ಹೇಳಿದೆ.

ಮೊನ್ನೆ ಜ್ವರದಲ್ಲಿ ನಾನು ಉಳಿಯುವುದಿಲ್ಲ ಅಂತ ಎಲ್ಲರೂ ಸೇರಿದ್ದರಲ್ಲ, ಆಗ ನೀನು ನನ್ನ ಕಾಲ ಬಳಿ ಕೂತು, ತಾಯಂದಿರು ಹೋಗುವಾಗ ಮಕ್ಕಳು ಕೇಳುವುದನ್ನು ಕೇಳಿದೆ. "ಅವ್ವಾ, ನಿಮ್ಮ ಹಾಲಿನ ಹಕ್ಕು ನಂಗೆ ಮಾಫ್ ಮಾಡ್ರಿ."

ಎಲ್ಲರೂ ನೋಡುತ್ತಿದ್ದರು. ನಿನ್ನ ಕಣ್ಣಲ್ಲಿ ನೀರಿತ್ತು.

ನಾನು "ಮಾಫ್ ಮಾಡೀನಿ" ಅಂದೆ.

ಕೊಡದ ಹಾಲನ್ನು ಮಾಫ್ ಮಾಡಿದೆ! ಸಾಯುತ್ತೇನೆ ಅಂತ ತಿಳಿದೂ ಬಾಯಿ ಬಿಡಲಿಲ್ಲ. ಅಲ್ಲಾಹ್ ನನ್ನನ್ನು ಕರೆದುಕೊಳ್ಳಲಿಲ್ಲ. ಜ್ವರ ಇಳಿಯಿತು. ಅಂದಿನಿಂದ ನಾನು ಸಜ್ದಾ ಮಾಡುತ್ತೇನೆ, ಹಣೆ ನೆಲಕ್ಕೆ ತಾಗುತ್ತದೆ, ಅಷ್ಟೇ. ಮಿಕ್ಕದ್ದು ಯಾವುದೂ ಬರುವುದಿಲ್ಲ. ನೀನು ಪಕ್ಕದಲ್ಲಿ ನಿಂತಿರುತ್ತೀಯ, ನಿನ್ನ ಸೀರೆಯ ಅಂಚು ನನ್ನ ಕಣ್ಣಿಗೆ ಬೀಳುತ್ತದೆ, ಓದುತ್ತಿದ್ದ ಸೂರಾ ಅಲ್ಲಿಗೇ ಮರೆತುಹೋಗುತ್ತದೆ.

ಇಷ್ಟು ವರ್ಷ ಯಾಕೆ ಹೇಳಲಿಲ್ಲ? ಮೊದಲು ಅವಮಾನಕ್ಕೆ ಅಂಜಿ. ಆಮೇಲೆ ನಿನ್ನನ್ನು ಕಳೆದುಕೊಳ್ಳುತ್ತೇನಲ್ಲ ಅಂತ ಅಂಜಿ. ಆ ಸುಳ್ಳಿನಿಂದಲೇ ನೀನು ನನಗೆ ಮಗಳಾದೆ. ಅದನ್ನು ತೆಗೆದರೆ ಈ ಮನೆಗೆ ನೀನು ಬರಲು ಯಾವ ಕಾರಣವೂ ಉಳಿಯುವುದಿಲ್ಲ. ನನಗೆ ಗಂಜಿ ಕಾಸುವವರು, ಬಾಗಿಲಲ್ಲಿ ನಿಂತು ಅವ್ವಾ ಅನ್ನುವವರು ಬೇಕಿತ್ತು. ಅದಕ್ಕಾಗಿ ನಿನ್ನ ಬದುಕನ್ನು ನಾನು ಹಿಡಿದಿಟ್ಟುಕೊಂಡೆ. ಪ್ರತಿ ಬಕ್ರೀದಿಗೆ ಮೆಹಬೂಬ ಬಂದಾಗ ನೀನು "ಅಣ್ಣಾ, ಚಾ ತಗೋ" ಅಂತ ಲೋಟ ಕೊಡುತ್ತೀಯ. ಅವನು ತಲೆ ಎತ್ತದೆ ತೆಗೆದುಕೊಳ್ಳುತ್ತಾನೆ. ಯಾಕೆ ಎತ್ತುವುದಿಲ್ಲ ಅಂತ ನನಗೆ ಗೊತ್ತು — ನಾನು ಒಳಗೆ ಕೂತು ನೋಡುತ್ತಲೇ ಇದ್ದೆ.

ಇಂದು ಬೆಳಿಗ್ಗೆ ಹಜರತ್ತರ ಮನೆಗೆ ಹೋಗಿ ಎಲ್ಲ ಹೇಳಿದೆ. ನಾಲ್ಕು ಜನರ ಮುಂದೆ ಹೇಳಬೇಕಾಗ್ತೈತೆ, ಹೇಳ್ತೀರಾ ಅಂದರು. ಹೇಳ್ತೀನಿ ಅಂದೆ. ಅದಕ್ಕೂ ಮೊದಲು ನಿನಗೆ ಹೇಳಬೇಕಿತ್ತು.

ನಿನ್ನಿಂದ ಮಾಫಿ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ನಿನ್ನ ಗುಣವೇ ಅದು, ನಿನ್ನ ಅವ್ವನ ಗುಣ. ಹಾಗೆ ಸುಲಭಕ್ಕೆ ಕೊಡಬೇಡ. ಮೊದಲು ಸಿಟ್ಟು ಮಾಡು. ಬೈಯಿ, ಹೊಸ್ತಿಲು ತುಳಿಯಬೇಡ. ನ್ಯಾಮತಿಯ ಆ ವರ್ಷಗಳನ್ನು ನೆನೆಸಿಕೋ, ಆಮೇಲೆ ನನ್ನ ಮುಖ ನೋಡು. ನನ್ನ ವಜೂವಿನ ನೀರು ನಾನೇ ತಂದುಕೊಳ್ಳುತ್ತೇನೆ. ಸೂರಾಗಳು ಬಾಯಿಗೆ ಬಂದಿವೆ, ನೀನೇ ಕಲಿಸಿದ್ದು.

ನಾಳೆ ಹಬ್ಬಕ್ಕೆ ಮೆಹಬೂಬ ಬರುತ್ತಾನೆ. ಅವನಿಗೂ ನಾನೇ ಹೇಳುತ್ತೇನೆ. ನೀನು ಚಾ ಕೊಡಬೇಕು ಅಂತ ಇಲ್ಲ. ಕೊಟ್ಟರೆ, ಅಣ್ಣ ಅಂತ ಮಾತ್ರ ಕರೆಯಬೇಡ, ಜೈತೂನ್. ಅವನು ನಿನ್ನ ಅಣ್ಣ ಅಲ್ಲ.