ಪದಕವನ್ನು ಬಿಚ್ಚಿದ ಮಧ್ಯಾಹ್ನ

ವಿಸ್ಟಿನ್ ಮೊದಲ ಸಲ ನನ್ನ ಬಾಗಿಲಿಗೆ ಬಂದ ದಿನ ಅವನ ಕೈಯಲ್ಲಿ ಒಂದು ಹತ್ತಿ ಪ್ಯಾಂಟಿತ್ತು, ಮೈಮೇಲೆ ಕಲ್ಲುಗಣಿಯ ಹಳದಿ ಧೂಳಿತ್ತು. ಒಳಗೆ ಬಾ ಎಂದರೆ ನೆಲ ಕೊಳೆಯಾಗುತ್ತದೆಂದು ಹೊಸ್ತಿಲ ಹೊರಗೇ ನಿಂತ.

"ಮೇನಾ ಚಿಕ್ಕಮ್ಮ ಅಂದ್ರೆ ನೀವೇ ತಾನೆ? ಇದರ ಜಿಪ್ ಕಿತ್ತುಹಾಕ್ಬೇಕು. ಗುಂಡಿ ಬೇಡ, ಕೊಕ್ಕೆ ಬೇಡ. ಲೋಹ ಅನ್ನೋದೇ ಇರಬಾರ್ದು."

"ಮತ್ತೆ ಸೊಂಟದ ಮೇಲೆ ಹೇಗೆ ನಿಲ್ಲುತ್ತಪ್ಪಾ, ಜಪ ಮಾಡ್ತಾ ಹಿಡ್ಕೊಂಡಿರ್ತೀಯಾ?"

"ಹತ್ತಿ ಲಾಡಿ ಹಾಕಿ ಚಿಕ್ಕಮ್ಮ. ಮದ್ದಿನ ಮನೆಗೆ ಸೇರ್ಕೊಂಡೆ."

ನನ್ನ ನಗು ಅಲ್ಲೇ ನಿಂತಿತು. ಊರಾಚೆ ಹೊಲಗಳ ನಡುವೆ ಸಂತ ಪೆಲಾಜಿಯಾಳ ಹಬ್ಬಕ್ಕೆ ಬಾಣಬಿರುಸು ಕಟ್ಟುವ ಆ ಕಲ್ಲಿನ ಕೋಣೆಗಳಿಗೆ ನಮ್ಮಲ್ಲಿ ಹಾಗೇ ಹೆಸರು. ಅಲ್ಲಿ ಕೂಲಿಯಿಲ್ಲ, ಯಾರೂ ಯಾರನ್ನೂ ಕರೆಯುವುದೂ ಇಲ್ಲ. ಹಗಲೆಲ್ಲ ದುಡಿದ ಗಂಡಸರು ಮನಸ್ಸಾದರೆ ತಾವೇ ಹೋಗುತ್ತಾರೆ, ಒಮ್ಮೆ ಹೋದವರು ಬಿಡುವುದಿಲ್ಲ. ನಾನು ದಾರದ ತುದಿಗೆ ಬೆಂಕಿ ಹಿಡಿದು ತೋರಿಸಿದೆ. ಹತ್ತಿಯಾದರೆ ಬೂದಿಯಾಗಿ ಉದುರುತ್ತದೆ, ನೈಲಾನ್ ಆದರೆ ಮುದುಡಿ ಮಣಿಯಾಗುತ್ತದೆ. ನೈಲಾನ್ ಉಜ್ಜಿದರೆ ಕಿಡಿ ಹುಟ್ಟುತ್ತದೆ. ಬೂದಿ ಉದುರುವವರೆಗೆ ಅವನು ಬಗ್ಗಿ ನೋಡುತ್ತಿದ್ದ. ಆಮೇಲಿಂದ ಅವನ ಬಟ್ಟೆಗಳನ್ನೆಲ್ಲ ನಾನೇ ಹೊಲಿದೆ. ನನ್ನ ಗಂಡ ನಾರ್ದು ತೀರಿಕೊಂಡ ಮೇಲೆ ನನಗೆ ಸೂಜಿಯ ಕೆಲಸವೇ ಅನ್ನ.

ವಿಸ್ಟಿನ್ ಅಲ್ಲಿ ನೀಲಿ ಬಣ್ಣದ ಬಿರುಸು ಕಟ್ಟುವವನಾದ. ನೀಲಿಯೇ ಎಲ್ಲಕ್ಕಿಂತ ಕಷ್ಟವಂತೆ. ಉರಿ ಹೆಚ್ಚಾದರೆ ಬೆಳ್ಳಗಾಗುತ್ತದೆ, ಕಡಿಮೆಯಾದರೆ ಆಕಾಶದಲ್ಲಿ ಕಾಣುವುದೇ ಇಲ್ಲ. ಅವನ ನೀಲಿ ಮೇಲೆ ಅರಳಿದಾಗ ನಮ್ಮ ಚರ್ಚಿನ ಮುಂದೆ ನಿಂತವರು ಪಕ್ಕದೂರಿನ ನೆಂಟರನ್ನು ಮೊಣಕೈಯಿಂದ ತಿವಿಯುತ್ತಿದ್ದರು. "ನಿಮ್ಮದೂ ಒಂದು ನೀಲಿಯಾ? ನಮ್ಮಜ್ಜನ ಹಳೇ ಬನಿಯನ್ನಿನ ಬಣ್ಣ!" ಹೊಗಳಿದರೆ ವಿಸ್ಟಿನ್ ಕಿವಿ ಕೆಂಪು ಮಾಡಿಕೊಂಡು ಬ್ಯಾಂಡಿನವರ ಹಿಂದೆ ಸರಿಯುತ್ತಿದ್ದ.

ನನ್ನ ಎದುರುಮನೆಯ ಚೆತ್ತಾಳನ್ನೇ ಅವನು ಆಮೇಲೆ ಮದುವೆಯಾದ. ಚೆತ್ತಾಳ ತಮ್ಮ ಲೋಲಿಯೂ ಅದೇ ಮದ್ದಿನ ಮನೆಯಲ್ಲಿದ್ದ. ಇಬ್ಬರ ಬಟ್ಟೆಯನ್ನೂ ಹೊಲಿಯುತ್ತಿದ್ದವಳು ನಾನು, ಒಗೆಯುತ್ತಿದ್ದವಳು ಅವಳು. ಹೊರಡುವ ಮೊದಲು ವಿಸ್ಟಿನ್ ಮದುವೆಯುಂಗುರ ತೆಗೆದು ಅವಳ ಕೈಗಿಡುತ್ತಿದ್ದ, ಅವಳು ಅದನ್ನು ಮನೆಯ ಸಂತಳ ಮೂರ್ತಿಯ ಬೆರಳಿಗೆ ತೊಡಿಸಿ ಬಾಗಿಲಲ್ಲಿ ಕೂರುತ್ತಿದ್ದಳು. ಬೇಸಿಗೆಯಲ್ಲಿ ನಮ್ಮ ದ್ವೀಪದಲ್ಲಿ ಸದ್ದಿಗೆ ಬರವಿಲ್ಲ, ದಿನಾ ಒಂದಲ್ಲ ಒಂದು ಊರಿನ ಹಬ್ಬ. ಪ್ರತಿ ಸದ್ದಿಗೂ ಹೆಂಗಸರು ಹೊರಗೆ ಬಂದು ಆಕಾಶ ನೋಡುತ್ತೇವೆ. ಹೊಗೆ ಮೇಲೆಯೇ ಬೆಳ್ಳಗೆ ಹೂಕೋಸಿನಂತೆ ನಿಂತಿದ್ದರೆ ಹಬ್ಬದ್ದು. ನೆಲದಿಂದ ಏಳುತ್ತಿದ್ದರೆ ಅಲ್ಲ. ಹೂಕೋಸು ಕಂಡರೆ ಚೆತ್ತಾ ಶಿಲುಬೆಯ ಗುರುತು ಮಾಡಿ, "ಸುಡಲಿ ಇವರ ಭಕ್ತಿ, ಈರುಳ್ಳಿ ಸೀದುಹೋಯ್ತು" ಎಂದು ಬೈಯುತ್ತಾ ಒಳಗೋಡುತ್ತಿದ್ದಳು.

"ಬಿಡು ಅಂತ ಹೇಳೇ ಅವನಿಗೆ," ಎಂದು ಒಮ್ಮೆ ಅಂದೆ.

"ಹೇಳಿದೆ ಕಣಕ್ಕಾ. ಬಿಡ್ತೀನಿ, ಮುಂದಿನ ವರ್ಷ ಅಂದ. ಮುಂದಿನ ವರ್ಷ ಅನ್ನೋದು ಇವನಿಗೆ ಪ್ರತಿ ವರ್ಷ ಬರುತ್ತೆ."

ಆ ಆಗಸ್ಟ್‌ನಲ್ಲಿ ನೆಲದಿಂದ ಹೊಗೆ ಎದ್ದಿತು, ವಿಸ್ಟಿನ್ ಹೋದ. ಇದು ಊರಿಗೆಲ್ಲ ಗೊತ್ತು. ಹೇಗಾಯಿತೆಂದು ತನಿಖೆಗೆ ಬಂದವರಿಗೂ ತಿಳಿಯಲಿಲ್ಲ. ಆದರೆ ಸಾವಿನ ಮನೆಯಲ್ಲಿ ಯಾರೋ, ಒಳಗೆ ಲೋಹ ಹೋಗಿರಬೇಕು ಎಂದು ಒಂದು ಮಾತು ಬಿಟ್ಟರು, ಅದು ಚೆತ್ತಾಳ ಕಿವಿಗೆ ಬಿತ್ತು. ತನ್ನ ಗಂಡನನ್ನು ತಾನೇ ಕೊಂದೆ ಎಂದು ಅವಳು ಅಂದಿನಿಂದ ನಂಬಿದ್ದಾಳೆ. ನಾನು ಎಷ್ಟು ಸಲ ಹೇಳಿದರೂ, "ನನ್ನ ಸಮಾಧಾನಕ್ಕೆ ಹೇಳ್ತೀಯ" ಎನ್ನುತ್ತಾಳೆ. ಲೋಲಿ ಹೇಳಿದರೆ, ತಮ್ಮನಲ್ಲವೇ, ಇನ್ನೇನು ಹೇಳಿಯಾನು ಎನ್ನುತ್ತಾಳೆ. ಹಬ್ಬದಲ್ಲಿ ವಾದ್ಯ ನುಡಿಸುವ ಬ್ಯಾಂಡ್ ಕ್ಲಬ್ಬಿನವರು ತಮ್ಮ ಹಬ್ಬದ ಪುಸ್ತಕಕ್ಕೆ ವಿಸ್ಟಿನ್ ಬಗ್ಗೆ ನಾಲ್ಕು ಮಾತು ಕೊಡು ಎಂದಾಗ ಒಪ್ಪಿದ್ದು ಅದಕ್ಕೇ. ನನಗೆ ಬರೆಯಲು ಹೆಚ್ಚು ಬಾರದು. ಕಂಡದ್ದನ್ನು ಕಂಡ ಹಾಗೆ ಇಡುತ್ತೇನೆ.

ಅವನು ಹೋದ ಆ ದಿನ, ಹಬ್ಬಕ್ಕೆ ಇನ್ನೂ ವಾರವಿತ್ತು. ಆಫ್ರಿಕಾದ ಕಡೆಯಿಂದ ಬಿಸಿಗಾಳಿ ಬೀಸಿ, ಗೋಡೆಗಳೂ ಬೆವರುತ್ತಿದ್ದವು. ಊಟವಾದ ಮೇಲೆ ಚೆತ್ತಾ ನನ್ನ ಮನೆಗೆ ಬಂದು ಕುರ್ಚಿ ಎಳೆದುಕೊಂಡು ಕೂತಳು. ಬಾಗಿಲ ಕಡೆ ನೋಡಲಿಲ್ಲ. ಅದೇ ನನಗೆ ವಿಚಿತ್ರವೆನಿಸಿತು.

"ಏನೇ, ಇವತ್ತು ಕಾವಲು ಇಲ್ವಾ?"

"ಈ ವರ್ಷ ನಾನು ನಿದ್ದೆ ಮಾಡ್ತೀನಕ್ಕಾ." ಅವಳ ಮುಖ ಹುಡುಗಿಯ ಮುಖವಾಗಿತ್ತು. "ಯಾರಿಗೂ ಹೇಳ್ಬೇಡ. ಪಾದ್ರಿಗಳ ಹತ್ರ ಮಂತ್ರಿಸಿದ ಪದಕ ತಂದೆ, ನಮ್ಮ ಸಂತಳದು, ಬೇಳೆಯಷ್ಟು. ಕೊಟ್ರೆ ಹಾಕ್ಕೊಳ್ಳಲ್ಲ ಅಂತಾನೆ. ಅದಕ್ಕೆ ನೀನು ಹೊಲಿದ ಪ್ಯಾಂಟಿನ ಕಾಲಂಚು ಎರಡು ಹೊಲಿಗೆ ಬಿಚ್ಚಿ ಒಳಗಿಟ್ಟು ಹೊಲಿದುಬಿಟ್ಟೆ. ಅವನಿಗೇ ಗೊತ್ತಿಲ್ಲ!"

ಅಲ್ಲಿ ಉಂಗುರವನ್ನೇ ಬಿಡುವುದಿಲ್ಲ. ಕಾಲಂಚು ಕಲ್ಲುನೆಲಕ್ಕೆ ಉಜ್ಜುತ್ತದೆ, ನೆಲದ ಸಂದಿಯಲ್ಲಿ ಎಷ್ಟು ಗುಡಿಸಿದರೂ ಮದ್ದಿನ ಪುಡಿ ಇರುತ್ತದೆ, ಒಂದು ಕಿಡಿ ಸಾಕು. ಸಂತಳನ್ನು ಇಟ್ಟವಳಿಗೆ ಲೋಹ ನೆನಪಾಗಲಿಲ್ಲ. ನಮ್ಮೂರಿನ ಯಾವ ಹೆಂಗಸಿಗೂ ಆಗುತ್ತಿರಲಿಲ್ಲವೇನೋ.

ಅವಳಿಗೆ ಇದನ್ನು ಹೇಳಿದರೆ ಕೂಗುತ್ತಾ ಹೊಲಕ್ಕೆ ಓಡುತ್ತಾಳೆ. ಮದ್ದು ಬೆರೆಸುವವನನ್ನು ಬೆಚ್ಚಿಬೀಳಿಸುವ ಹಾಗಿಲ್ಲ. ಫೋನ್ ಮಾಡೋಣವೆಂದರೆ ಅವರು ಫೋನುಗಳನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ.

"ಒಳ್ಳೇದು ಮಾಡ್ದೆ," ಅಂದೆ. "ಇಲ್ಲೇ ಮಲಗು, ಫ್ಯಾನ್ ಹಾಕ್ತೀನಿ. ನಾನು ಉಪ್ಪಿನಕಾಯಿಗೆ ಒಂದಿಷ್ಟು ಕೇಪರ್ ಮೊಗ್ಗು ಕಿತ್ಕೊಂಡು ಬರ್ತೀನಿ."

"ಈ ಬಿಸಿಲಲ್ಲಾ? ತಲೆ ಕೆಟ್ಟಿದೆ ನಿಂಗೆ."

ಹೌದೆಂದು ಹೇಳಿ ಹೊರಟೆ. ಓಣಿ ದಾಟುವವರೆಗೆ ನಿಧಾನ ನಡೆದೆ, ಅವಳು ಕಿಟಕಿಯಿಂದ ನೋಡುತ್ತಿದ್ದರೆ ಎಂದು. ಆಮೇಲೆ ನನ್ನ ಮೊಣಕಾಲು ಬಿಟ್ಟಷ್ಟು ಬೇಗ. ಎಲ್ಲೋ ದೂರದ ಊರಲ್ಲಿ ಒಂದು ಸದ್ದಾಯಿತು. ತಲೆಯೆತ್ತಲು ಧೈರ್ಯ ಬರಲಿಲ್ಲ. ಎತ್ತಿದೆ. ಹೂಕೋಸು.

ಮದ್ದಿನ ಮನೆಯ ಗೇಟಿನ ಮೇಲೆ ಕೆಂಪು ಬಾವುಟ ಹಾರುತ್ತಿತ್ತು. ಅದು ಇರುವವರೆಗೆ ಒಳಗೆ ಹೋಗುವಂತಿಲ್ಲ, ಕೂಗುವಂತಿಲ್ಲ. ಪಾಪಸುಕಳ್ಳಿಯ ಪಕ್ಕ ಕಲ್ಲುಗೋಡೆಯ ಮೇಲೆ ಕೂತೆ. ಒಳಗೆ ಅವನು ಒಂದೊಂದು ಹೆಜ್ಜೆ ಇಡುವುದು ನನ್ನ ಮೈಯಲ್ಲಿ ಆಗುತ್ತಿತ್ತು. ಪ್ರಾರ್ಥಿಸಲು ಹೋದೆ. ಯಾರನ್ನು ಕರೆಯುವುದು? ಆ ಸಂತಳೇ ಅವನ ಕಾಲಲ್ಲಿದ್ದಾಳೆ.

ಬಾವುಟ ಇಳಿಯಿತು. ವಿಸ್ಟಿನ್ ನೀರು ಕುಡಿಯಲು ಹೊರಬಂದ.

"ಏನ್ ಚಿಕ್ಕಮ್ಮ, ಮದ್ದು ಬೆರೆಸೋಕೆ ಬಂದ್ರಾ?"

"ನಿಂತಲ್ಲೇ ನಿಂತ್ಕೋ. ಕಾಲೆಳೀಬೇಡ. ಎತ್ತಿ ಎತ್ತಿ ಇಟ್ಟು ಬಾ."

ನನ್ನ ದನಿ ಕೇಳಿ ಅವನು ಕೊಕ್ಕರೆಯಂತೆ ನಡೆದು ಬಂದ. ಕತ್ತರಿಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದೆ. ಕೂತು ಅಂಚು ಹಿಡಿದೆ, ಚೆತ್ತಾಳ ದಪ್ಪ ಹೊಲಿಗೆ ಬೆರಳಿಗೆ ಸಿಕ್ಕಿತು, ಹಲ್ಲಿನಿಂದ ಕಚ್ಚಿ ಹರಿದೆ. ಪದಕ ನನ್ನ ಅಂಗೈಗೆ ಬಿತ್ತು. ಅವನು ಅದನ್ನು ನೋಡಿದ. ಕಲ್ಲುಧೂಳಿಲ್ಲದೆಯೂ ಮುಖ ಹಳದಿಯಾಯಿತು.

"ಚೆತ್ತಾನಾ?"

"ಪ್ರೀತಿಗೆ ಮಾಡಿದ್ದು ಕಣೋ."

"ಗೊತ್ತು." ಒಮ್ಮೆಲೇ ಹಿಂದೆ ತಿರುಗಿದ, "ಲೋಲಿದೂ ಅವಳೇ ಒಗೆಯೋದು!"

ಅವನು ಓಡಲಿಲ್ಲ. ಅಲ್ಲಿ ಓಡುವುದಿಲ್ಲ. ಲೋಲಿಯನ್ನು ಹೊರಗೆ ಕಳಿಸಲು ನಡೆದೇ ಒಳಗೆ ಹೋದ. ನಾನು ಪದಕವನ್ನು ಏಪ್ರನ್ ಜೇಬಿಗೆ ಹಾಕಿ ಗುಂಡಿ ಹಾಕಿದೆ. ಅದು ಇವತ್ತಿಗೂ ನನ್ನ ಹತ್ತಿರವಿದೆ, ಅಂಚು ಕೂಡ ಸುಟ್ಟಿಲ್ಲ. ಚೆತ್ತಾಗೆ ತೋರಿಸಿದರೆ, "ಇಂಥವು ಚರ್ಚಿನ ಬಾಗಿಲಲ್ಲಿ ಎಷ್ಟು ಬೇಕಾದರೂ ಸಿಗ್ತವೆ" ಎನ್ನುತ್ತಾಳೆ.

ಲೋಲಿ ಮೊಣಕಾಲೆತ್ತಿ ನಡೆಯುತ್ತಾ ಹೊರಬಂದ. "ನನ್ನ ಅರ್ಧ ಕೆಲಸ ಅಲ್ಲೇ ಇದೆ ಚಿಕ್ಕಮ್ಮ, ಬಿಡೋ ಹಾಗಿಲ್ಲ, ಭಾವ ಮುಗಿಸ್ತಾನಂತೆ. ಏನಿದು, ಪ್ಯಾಂಟ್ ಬಿಚ್ಚಬೇಕಾ?"

"ಬಾಯಿ ಮುಚ್ಚಿ ಕಾಲು ಕೊಡೋ."

ಅವನನ್ನು ಗೋಡೆಯ ಈಚೆ ಕೂರಿಸಿ ಎರಡೂ ಅಂಚನ್ನು ಬೆರಳಲ್ಲಿ ಹಿಂಡಿ ಹಿಂಡಿ ನೋಡಿದೆ. ಹೊಲಿಗೆ ನನ್ನದೇ ಆಗಿತ್ತು. ಯಾರೂ ಬಿಚ್ಚಿರಲಿಲ್ಲ.

ತಲೆಯೆತ್ತಿದೆ. ವಿಸ್ಟಿನ್ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಹೊಲದ ಅಷ್ಟು ಅಗಲ ನಮ್ಮ ನಡುವೆ. ಅಲ್ಲಿ ಕೂಗುವುದಿಲ್ಲವಲ್ಲ, ಐದೂ ಬೆರಳ ತುದಿ ಜೋಡಿಸಿ ಕೈಯನ್ನು ಮೇಲೆ ಕೆಳಗೆ ಆಡಿಸಿದ: ಏನಾಯ್ತು, ಅವನದರಲ್ಲೂ ಇದೆಯಾ?

ಇಲ್ಲವೆಂದು ತಲೆಯಾಡಿಸಿದೆ. ಅವನು ಹಣೆಯ ಬೆವರನ್ನು ಒರೆಸಿಕೊಂಡು ಒಳಗೆ ಹೋದ. ನೆಲದಿಂದ ಹೊಗೆ ಎದ್ದಾಗ ಪದಕ ನನ್ನ ಜೇಬಿನಲ್ಲೇ ಇತ್ತು.